ಸೆತ್ ಊರಿನ ಬ್ರಾಸಾನ್ಸ್: ಗಾರೆ ಕೆಲಸದವನ ಮಗ ಕವಿಯಾದದ್ದು

ಫ್ರೆಂಚ್ ಹಾಡು ಎಂದರೆ ನಮ್ಮಲ್ಲಿ ಕೆಲವರಿಗೆ ಎಡಿತ್ ಪಿಯಾಫ್ ಹೆಸರು ಗೊತ್ತಿರಬಹುದು. ಅದರಾಚೆ ಹೆಚ್ಚೇನೂ ಗೊತ್ತಿರುವುದಿಲ್ಲ. ಆದರೆ ಫ್ರಾನ್ಸಿನಲ್ಲಿ ಊರೂರು ತಿರುಗಿದರೆ ಒಂದು ಹೆಸರು ಶಾಲೆಗಳ ಬಾಗಿಲ ಮೇಲೆ ಮತ್ತೆ ಮತ್ತೆ ಕಾಣುತ್ತದೆ. ಜಾರ್ಜ್ ಬ್ರಾಸಾನ್ಸ್. ಆತ ವಿಜ್ಞಾನಿಯಲ್ಲ, ಮಂತ್ರಿಯಲ್ಲ, ಯುದ್ಧ ಗೆದ್ದವನೂ ಅಲ್ಲ. ತಾನೇ ಹಾಡು ಕಟ್ಟಿ, ತಾನೇ ರಾಗ ಹಾಕಿ, ಒಂದು ಗಿಟಾರ್ ಹಿಡಿದು ಹಾಡಿದವನು. ಇನ್ನೂ ತಮಾಷೆಯೆಂದರೆ, ಈ ಮನುಷ್ಯ ಶಾಲೆಯನ್ನೇ ಪೂರ್ತಿ ಮಾಡಿದವನಲ್ಲ. ಕಳ್ಳತನದ ಪ್ರಕರಣದಲ್ಲಿ ಸಿಕ್ಕಿಬಿದ್ದು, ತಲೆ ತಗ್ಗಿಸಿ ಊರು ಬಿಟ್ಟ ಹುಡುಗ. ಅಂಥವನ ಹೆಸರು ಶಾಲೆಗಳಿಗೆ ಹೇಗೆ ಬಂತು ಎನ್ನುವುದು ಪಾಠ ಹೇಳುವ ನಮಗೆಲ್ಲ ಕುತೂಹಲದ ಸಂಗತಿಯಲ್ಲವೇ?

ಬ್ರಾಸಾನ್ಸ್ ಹುಟ್ಟಿದ್ದು 1921ರ ಅಕ್ಟೋಬರ್ 22ರಂದು, ದಕ್ಷಿಣ ಫ್ರಾನ್ಸಿನ ಮೆಡಿಟರೇನಿಯನ್ ದಂಡೆಯ ಸೆತ್ ಎಂಬ ಬಂದರು ಪಟ್ಟಣದಲ್ಲಿ. ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ, 1666ರಲ್ಲಿ, ಕಟ್ಟಲು ಶುರುಮಾಡಿದ ಬಂದರು ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತೋ ಎಂಬ ದೊಡ್ಡ ಹಿನ್ನೀರಿನ ಸರೋವರ, ನಡುವೆ ಊರು. ಆತ ಹುಟ್ಟಿದಾಗ ಊರಿನ ಹೆಸರಿನ ಕಾಗುಣಿತವೇ ಬೇರೆ ಇತ್ತು. 1928ರಲ್ಲಿ ಅದನ್ನು ಬದಲಿಸಿ ಈಗಿನ ರೀತಿ ಬರೆಯಲು ತೊಡಗಿದರು. ಆಗ ಹುಡುಗನಿಗೆ ಆರು ವರ್ಷ. ತನ್ನೂರ ಹೆಸರನ್ನು ಎರಡು ಸಲ ಬರೆಯಲು ಕಲಿತ ಮಕ್ಕಳ ತಲೆಮಾರು ಅದು.

ಅಪ್ಪ ಝಾಂ-ಲೂಯಿ ಗಾರೆ ಕೆಲಸದವ, ಸಣ್ಣ ಕಂತ್ರಾಟುದಾರ. ದೇವರು, ಚರ್ಚು ಎಂದರೆ ದೂರ. ಅಮ್ಮ ಎಲ್ವಿರಾ ಇಟಲಿ ಮೂಲದವಳು. ಅವಳ ಹಿರಿಯರು ದಕ್ಷಿಣ ಇಟಲಿಯ ಬಸಿಲಿಕಾತಾ ಪ್ರಾಂತದಿಂದ ಬಂದವರು. ಮೊದಲನೆಯ ಮಹಾಯುದ್ಧದಲ್ಲಿ ಮೊದಲ ಗಂಡನನ್ನು ಕಳೆದುಕೊಂಡು, ಒಬ್ಬ ಮಗಳೊಂದಿಗೆ ಮರುಮದುವೆಯಾದವಳು. ಆಕೆ ಕಟ್ಟಾ ಕ್ಯಾಥೊಲಿಕ್. ಇಬ್ಬರ ನಡುವೆ ದೇವರ ವಿಷಯದಲ್ಲಿ ಹೊಂದಾಣಿಕೆ ಇರಲಿಲ್ಲ, ಹಾಡಿನ ವಿಷಯದಲ್ಲಿ ಇತ್ತು. ಆ ಮನೆಯಲ್ಲಿ ಎಲ್ಲರೂ ಹಾಡುತ್ತಿದ್ದರು. ಅಮ್ಮನಿಗೆ ಇಟಲಿಯ ಹಾಡುಗಳು, ಮಗನಿಗೆ ಹತ್ತಿರದ ನಾರ್ಬೋನ್ ಊರಿನ ಶಾರ್ಲ್ ತ್ರೆನೆಯ ಹಾಡುಗಳು. ಆದರೂ ಮಗ ಸಂಗೀತ ಕಲಿಯುತ್ತೇನೆ ಎಂದಾಗ ಅಮ್ಮ ಒಪ್ಪಲಿಲ್ಲ. ಮೊದಲು ಮಾರ್ಕು ತಾ, ಆಮೇಲೆ ಸಂಗೀತ ಎಂದಳಂತೆ. ಮಾರ್ಕು ಬರಲಿಲ್ಲ. ಹಾಗಾಗಿ ಸ್ವರಲಿಪಿಯನ್ನು ಕ್ರಮವಾಗಿ ಕಲಿಯುವ ಯೋಗವೂ ಬರಲಿಲ್ಲ. ಈ ಮಾತು ನಮ್ಮ ಯಾವ ಮನೆಯಲ್ಲಿ ಕೇಳುವುದಿಲ್ಲ ಹೇಳಿ!

ಹುಡುಗನ ಕೈಗೆ ಮಾರ್ಕು ಬರಲಿಲ್ಲ, ಆದರೆ ಒಬ್ಬ ಮಾಸ್ತರು ಸಿಕ್ಕಿದರು. ಹೆಸರು ಅಲ್ಫೋನ್ಸ್ ಬೊನಾಫೆ. ಫ್ರೆಂಚ್ ಭಾಷೆಯ ಮಾಸ್ತರು. ಬಾಕ್ಸಿಂಗ್ ಮಾಡುತ್ತಿದ್ದವರಾದ್ದರಿಂದ ಹುಡುಗರು ಅವರನ್ನು 'ಬಾಕ್ಸರ್' ಎಂದೇ ಕರೆಯುತ್ತಿದ್ದರು. ಬಂದರಿನ ಒರಟು ಹುಡುಗರ ತರಗತಿ ಅದು. ಬೊನಾಫೆ ಮಾಸ್ತರು ಅವರ ಮುಂದೆ ಬೋದಿಲೇರ್, ವರ್ಲೇನ್, ರೆಂಬೋ ಇವರ ಪದ್ಯಗಳನ್ನು ಇಟ್ಟರು. ಹುಡುಗರು ಗೀಚಿ ತಂದ ಪದ್ಯಗಳನ್ನೂ ತಳ್ಳಿಹಾಕದೆ ಓದಿ, ತಿದ್ದಿ, ಎಲ್ಲಿ ಸಡಿಲವಿದೆ ಎಂದು ತೋರಿಸಿಕೊಟ್ಟರು. ಹಾಡು ಗೀಚುತ್ತಿದ್ದ ಬ್ರಾಸಾನ್ಸ್‌ಗೆ ಪ್ರಾಸ ಸಿಕ್ಕ ಕೂಡಲೇ ಪದ್ಯ ಆಗುವುದಿಲ್ಲ ಎನ್ನುವುದು ಅಲ್ಲಿ ತಿಳಿಯಿತು. ಕಾಡುಮನುಷ್ಯರಂತಿದ್ದ ನಮಗೆ ಕವಿಗಳನ್ನು ಪ್ರೀತಿಸುವುದನ್ನು ಕಲಿಸಿದ್ದು ಆ ಮನುಷ್ಯ ಎಂಬರ್ಥದ ಮಾತನ್ನು ಆತ ಮುಂದೆ ಹೇಳಿದ್ದಾನೆ. ಪಠ್ಯಪುಸ್ತಕ ಮುಗಿಸುವ ಗಡಿಬಿಡಿಯಲ್ಲಿ ಪದ್ಯಕ್ಕೆ ಭಾವಾರ್ಥ ಬರೆಸಿ ಮುಂದೆ ಹೋಗುವ ನಾವು ಇಂಥ ಕಡೆ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಇರಲಿ.

1938-39ರ ಹೊತ್ತಿಗೆ ಆ ದುರ್ಘಟನೆ ನಡೆಯಿತು. ಕೈಖರ್ಚಿಗೆ ಹಣ ಬೇಕೆಂದು ಹುಡುಗರ ಒಂದು ಗುಂಪು ತಮ್ಮ ತಮ್ಮ ಮನೆ, ನೆಂಟರ ಮನೆಗಳಲ್ಲೇ ಒಡವೆ ಕದಿಯಲು ಶುರುಮಾಡಿತು. ಬ್ರಾಸಾನ್ಸ್ ಕದ್ದದ್ದು ಅಕ್ಕನ ಉಂಗುರ, ಬಳೆ. ಪೋಲೀಸರು ಹಿಡಿದರು, ಕೋರ್ಟಿಗೆ ಹೋಯಿತು. ಆತನಿಗೆ ಹದಿನೈದು ದಿನಗಳ ಸಜೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟರು. ಜೈಲು ತಪ್ಪಿತು, ಮಾನ ಉಳಿಯಲಿಲ್ಲ. ಸಣ್ಣ ಊರು, ಎಲ್ಲರ ಬಾಯಲ್ಲೂ ಅದೇ ಸುದ್ದಿ. ಶಾಲೆಯೂ ಅಲ್ಲಿಗೆ ಮುಗಿಯಿತು.

ಆ ದಿನ ಅಪ್ಪ ಮಾಡಿದ ಒಂದು ಕೆಲಸವನ್ನು ಮಗ ಜೀವಮಾನವಿಡೀ ಮರೆಯಲಿಲ್ಲ. ಉಳಿದ ಹುಡುಗರ ಅಪ್ಪಂದಿರು ಬಂದು ಕೂಗಾಡಿದರು, ಇಂಥವನು ನನ್ನ ಮಗನೇ ಅಲ್ಲ ಎನ್ನುವಷ್ಟು ಸಿಟ್ಟಾದರು. ಝಾಂ-ಲೂಯಿ ಮಾತ್ರ ಬಂದು, ಬೈಯದೆ, ಹೊಡೆಯದೆ, ಯಾವತ್ತಿನಂತೆ ಮಗನನ್ನು ಮಾತಾಡಿಸಿದ. ಆ ಆಜಾನುಬಾಹು ಗಾರೆಯವನಿಗೆ ದೊಡ್ಡ ಮಾತು ಬರುತ್ತಿರಲಿಲ್ಲ. 1965ರಲ್ಲಿ ಅಪ್ಪ ತೀರಿಕೊಂಡ. ಮಾರನೆಯ ವರ್ಷ ಬಂದ 'ನಾಲ್ವರು ವಿದ್ಯಾರ್ಥಿಗಳು' ಎಂಬ ಹಾಡಿನಲ್ಲಿ ಬ್ರಾಸಾನ್ಸ್ ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಕದ್ದದ್ದನ್ನೂ ಹೇಳುತ್ತಾನೆ, ಆ ಅಪ್ಪನನ್ನೂ ತೋರಿಸುತ್ತಾನೆ. ಎಪ್ಪತ್ತೆಂಬತ್ತು ಪುಟದ ಶಿಕ್ಷಣಶಾಸ್ತ್ರದ ಪುಸ್ತಕ ಹೇಳುವುದನ್ನು ಆ ಹಾಡು ಮೂರ್ನಾಲ್ಕು ನಿಮಿಷದಲ್ಲಿ ಹೇಳುತ್ತದೆ.

1940ರ ಫೆಬ್ರವರಿಯಲ್ಲಿ ಹದಿನೆಂಟರ ಹುಡುಗ ಪ್ಯಾರಿಸ್ಸಿಗೆ ಅಮ್ಮನ ಸೋದರಿಯ ಮನೆಗೆ ಹೋದ. ರೆನೋ ಮೋಟಾರು ಕಾರ್ಖಾನೆಯಲ್ಲಿ ಕೂಲಿ ಕೆಲಸ ಸಿಕ್ಕಿತು. ಜೂನ್ 3ರಂದು ಜರ್ಮನ್ ವಿಮಾನಗಳು ಬಾಂಬು ಹಾಕಿದಾಗ ಆ ಕೆಲಸವೂ ಹೋಯಿತು. ಕೆಲವು ದಿನ ಊರಿಗೆ ಹೋಗಿ, ಮತ್ತೆ ಪ್ಯಾರಿಸ್ಸಿಗೇ ಬಂದ. ಈ ಸಲ ಆತ ಮಾಡಿದ್ದು ಎರಡೇ ಕೆಲಸ. ಅಮ್ಮನ ಸೋದರಿಯ ಮನೆಯ ಪಿಯಾನೋ ಮೇಲೆ ತನ್ನಷ್ಟಕ್ಕೆ ಸ್ವರ ಹುಡುಕುವುದು, ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಕೂರುವುದು. ಹದಿನೈದನೆಯ ಶತಮಾನದ ವಿಯೋಂ, ಹ್ಯೂಗೋ, ವರ್ಲೇನ್, ಒಬ್ಬೊಬ್ಬರನ್ನೇ ಹಿಡಿದು ಛಂದಸ್ಸು ಬಿಡಿಸಿ ಓದಿದ. ಯಾವ ಪರೀಕ್ಷೆಗೂ ಅಲ್ಲ. ಕಾಲೇಜಿನ ಮೆಟ್ಟಿಲು ಹತ್ತದವನು ಭಾಷೆಯನ್ನು ಇಷ್ಟು ಗಟ್ಟಿಯಾಗಿ ಹೇಗೆ ಕಲಿತ ಎಂದು ಕೇಳುವವರಿಗೆ ಉತ್ತರ ಆ ಗ್ರಂಥಾಲಯದಲ್ಲಿದೆ. 1942ರಲ್ಲಿ ಎರಡು ಸಣ್ಣ ಪದ್ಯಪುಸ್ತಕಗಳು ಅಚ್ಚಾದವು. ಖರ್ಚು ಕೈಯಿಂದ. ಯಾರೂ ಗಮನಿಸಲಿಲ್ಲ.

ಅಷ್ಟರಲ್ಲಿ ಫ್ರಾನ್ಸ್ ಜರ್ಮನರ ಕೈಯಲ್ಲಿತ್ತು. 1943ರ ಫೆಬ್ರವರಿಯಲ್ಲಿ ಕಾನೂನು ಬಂತು: ಯುವಕರು ಜರ್ಮನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯಬೇಕು. ಹೀಗೆ ಹೋದ ಫ್ರೆಂಚರು ಆರು ಲಕ್ಷಕ್ಕೂ ಹೆಚ್ಚು. ಮಾರ್ಚಿನಲ್ಲಿ ಬ್ರಾಸಾನ್ಸ್‌ನನ್ನೂ ಕಳಿಸಿದರು. ಬರ್ಲಿನ್ ಹತ್ತಿರದ ಬಾಸ್ಡೋರ್ಫ್ ಎಂಬಲ್ಲಿ ಬಿಎಂಡಬ್ಲ್ಯೂ ಕಂಪನಿಯ ವಿಮಾನ ಎಂಜಿನ್ ಕಾರ್ಖಾನೆ, ಅದರ ಪಕ್ಕದಲ್ಲೇ ಕಾರ್ಮಿಕರ ಶಿಬಿರ. ಅಲ್ಲಿನ ಮರದ ಬ್ಯಾರಕ್ಕುಗಳಲ್ಲಿ ಬರೆದ, ಗೆಳೆಯರಿಗೆ ಹಾಡಿ ತೋರಿಸಿದ. ಅಲ್ಲಿ ಸಿಕ್ಕ ಪಿಯೇರ್ ಓಂತೆನಿಯಾಂತ್ ಎಂಬ ಗೆಳೆಯ ಮುಂದೆ ಸಾಯುವತನಕ ಅವನ ಕಾರ್ಯದರ್ಶಿಯಾಗಿದ್ದ. ಎಷ್ಟು ಅಲುಗಾಡಿಸಿದರೂ ಕದಲದ ಮನುಷ್ಯನೆಂದು ಬ್ರಾಸಾನ್ಸ್ ಅವನಿಗೆ 'ಜಿಬ್ರಾಲ್ಟರ್' ಎಂದು ಹೆಸರಿಟ್ಟ. ಆ ಹೆಸರೇ ನಿಂತುಬಿಟ್ಟಿತು.

1944ರ ಮಾರ್ಚಿನಲ್ಲಿ ಕೆಲವು ದಿನಗಳ ರಜೆ ಸಿಕ್ಕಿತು. ಪ್ಯಾರಿಸ್ಸಿಗೆ ಬಂದವನು ವಾಪಸು ಹೋಗಲಿಲ್ಲ. ಹೋಗದೆ ಉಳಿದರೆ ತಲೆಮರೆಸಿಕೊಂಡವನೆಂದು ಪೋಲೀಸರು ಹುಡುಕುತ್ತಾರೆ, ರೇಷನ್ ಚೀಟಿ ಸಿಗುವುದಿಲ್ಲ, ಬಚ್ಚಿಟ್ಟವರಿಗೂ ಗಂಡಾಂತರ. ಆಗ ಬಾಗಿಲು ತೆಗೆದವಳು ಅಮ್ಮನ ಸೋದರಿಯ ಗೆಳತಿ, ಹೊಲಿಗೆ ಕೆಲಸದ ಝಾನ್. ಅವನಿಗಿಂತ ಮೂವತ್ತು ವರ್ಷ ದೊಡ್ಡವಳು. ಗಂಡ ಮಾರ್ಸೆಲ್ ಪ್ಲಾಂಶ್ ಮೋಟಾರು ಗಾಡಿಗಳ ಕೆಲಸದವ. ಪ್ಯಾರಿಸ್ಸಿನ ಹದಿನಾಲ್ಕನೆಯ ವಿಭಾಗದಲ್ಲಿ ಫ್ಲೋರಿಮೋಂ ಎಂಬ ತುದಿಮುಚ್ಚಿದ ಓಣಿ, ಅದರಲ್ಲಿ 9ನೇ ನಂಬರಿನ ಮನೆ. ನಲ್ಲಿಯಿಲ್ಲ, ಕರೆಂಟಿಲ್ಲ, ಗ್ಯಾಸಿಲ್ಲ. ಅಂಗಳದ ತುಂಬ ಬೆಕ್ಕು, ನಾಯಿ, ಹಕ್ಕಿಗಳು, ಒಂದು ಬಾತುಕೋಳಿ. ಆ ಬಾತುಕೋಳಿಯ ಮೇಲೂ ಒಂದು ಹಾಡಿದೆ ಅನ್ನಿ! ಆಗಸ್ಟಿನಲ್ಲಿ ಪ್ಯಾರಿಸ್ ಬಿಡುಗಡೆಯಾಯಿತು. ಅಡಗಿದ್ದವನು ಇನ್ನು ಹೊರಗೆ ಬರಬಹುದಿತ್ತು. ಆದರೆ ಕೆಲವು ತಿಂಗಳಿಗೆಂದು ಬಂದವನು ಆ ಓಣಿಯಲ್ಲೇ ಇಪ್ಪತ್ತೆರಡು ವರ್ಷ ಉಳಿದ, 1966ರವರೆಗೆ. ಹೆಸರು ಬಂತು, ಹಣ ಬಂತು, ಆಗಲೂ ಬಿಡಲಿಲ್ಲ. ಆ ಮನೆಯನ್ನೇ ಕೊಂಡು ಅದಕ್ಕೆ ನೀರು, ಕರೆಂಟು ಹಾಕಿಸಿದ.

ಕಷ್ಟಕಾಲದಲ್ಲಿ ಯಾವ ಲೆಕ್ಕವನ್ನೂ ಇಡದೆ ಸೌದೆ, ರೊಟ್ಟಿ, ಒಂದು ನಗೆ ಕೊಟ್ಟ ಸಾಮಾನ್ಯರಿಗೆ ಕೃತಜ್ಞತೆ ಹೇಳುವ ಹಾಡು 1954ರಲ್ಲಿ ಬಂತು, 'ಓವೆರ್ನ್ಯಾದವನಿಗೊಂದು ಹಾಡು'. ಅದರ ಹಿಂದೆ ಝಾನ್, ಮಾರ್ಸೆಲ್ ಇದ್ದಾರೆಂದು ಓದುಗರು ಬಲ್ಲರು. ಓವೆರ್ನ್ಯಾ ಎಂಬುದು ಮಧ್ಯ ಫ್ರಾನ್ಸಿನ ಗುಡ್ಡಗಾಡು ಸೀಮೆ. ಅಲ್ಲಿಂದ ಪ್ಯಾರಿಸ್ಸಿಗೆ ಬಂದವರು ಇದ್ದಿಲು, ಸೌದೆ ಮಾರಿ ಬದುಕುತ್ತಿದ್ದರು. ಝಾನ್ ಹೆಸರಿನಲ್ಲೇ ಒಂದು ಹಾಡು 1962ರಲ್ಲಿ ಬಂತು. ಅವನ ಇನ್ನೂರರಷ್ಟು ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲೆನಿಸುವವು ಇವೆರಡೇ.

1945ರಿಂದ 52ರವರೆಗಿನದು ಬರೀ ಸೋಲಿನ ಕತೆ. ಅರಾಜಕತಾವಾದಿಗಳ 'ಲೆ ಲಿಬರ್ತೇರ್' ಪತ್ರಿಕೆಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಪೋಲೀಸರನ್ನು, ಅಧಿಕಾರಿಗಳನ್ನು ಬೈದು ಬರೆದ. 1947ರಲ್ಲಿ ಒಂದು ಕಾದಂಬರಿ ಅಚ್ಚು ಹಾಕಿಸಿ, ಅದಕ್ಕೆ ದೊಡ್ಡ ಪ್ರಕಾಶಕರಾದ ಗಾಲಿಮಾರ್ ಅವರದೇ ಹೊದಿಕೆಯ ನಕಲು ಮಾಡಿಸಿದ. ಅವರು ಕೇಸು ಹಾಕಲಿ, ಗದ್ದಲವಾಗಲಿ ಎಂಬ ಆಸೆ. ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಾಡುಗಳನ್ನು ಹಿಡಿದು ಹೋದ ಕಡೆಯೆಲ್ಲ ಬೇಡ ಎಂದರು. ಅದೇ ಕಾಲದಲ್ಲಿ ಎಸ್ಟೋನಿಯಾ ಮೂಲದ ಜೋಹಾ ಹೈಮನ್ ಪರಿಚಯವಾದಳು. ಇಬ್ಬರೂ ಮದುವೆಯಾಗಲಿಲ್ಲ, ಒಂದೇ ಮನೆಯಲ್ಲೂ ಇರಲಿಲ್ಲ, ಬಿಟ್ಟೂ ಹೋಗಲಿಲ್ಲ. ಕೊನೆಗೆ ಸಮಾಧಿಯೂ ಒಂದೇ.

ಬಾಗಿಲು ತೆರೆದದ್ದು ಊರಿನ ಗೆಳೆಯರಿಂದ. ಸೆತ್‌ನಲ್ಲಿ ಜೊತೆಗೆ ಓದಿದವರು ಇಬ್ಬರು 'ಪಾರಿ ಮಾಚ್' ವಾರಪತ್ರಿಕೆಯಲ್ಲಿದ್ದರು. ಅವರು 1952ರ ಜನವರಿಯಲ್ಲಿ ಅವನನ್ನು ಮೋಂಮಾರ್ತ್ ಗುಡ್ಡದ ಮೇಲಿನ ಪತಾಶು ಎಂಬ ಗಾಯಕಿಯ ಹಾಡುಮನೆಗೆ ಕರೆದೊಯ್ದರು. ಜೊತೆಗೆ ಹಾಡಲು ಒಪ್ಪದ ಗಿರಾಕಿಗಳ ಟೈಯನ್ನು ಕತ್ತರಿಯಿಂದ ಕತ್ತರಿಸಿ ಚಾವಣಿಗೆ ನೇತು ಹಾಕುವ ಗಟ್ಟಿಗಿತ್ತಿ ಆಕೆ. ಬ್ರಾಸಾನ್ಸ್‌ಗೆ ಬೇಕಿದ್ದದ್ದು ತನ್ನ ಹಾಡು ಹಾಡುವವರು. ತಾನೇ ವೇದಿಕೆ ಹತ್ತುವ ಯೋಚನೆ ಅವನಿಗಿರಲಿಲ್ಲ. ಪತಾಶು ಹಾಡುಗಳನ್ನು ಕೇಳಿ, ಕೆಲವನ್ನು ತಾನು ಹಾಡುತ್ತೇನೆ, ಉಳಿದವನ್ನು ನೀನೇ ಹಾಡಬೇಕು ಎಂದಳು. ಮಾರ್ಚಿನಲ್ಲಿ ಹಾಡಿದ. ಅವಳ ವಾದ್ಯವೃಂದದಲ್ಲಿದ್ದ ಪಿಯೇರ್ ನಿಕೊಲಾ ದೊಡ್ಡ ಬಾಸ್ ವಾದ್ಯ ಹಿಡಿದು ಜೊತೆಗೆ ನಿಂತ, ಮುಂದೆ ಕೊನೆಯತನಕ ಅವನೇ ನಿಂತ. ಅದೇ ವರ್ಷ ಮೊದಲ ರೆಕಾರ್ಡು ಬಂತು. ಒಂದು ಗಿಟಾರ್, ಒಂದು ಬಾಸ್. ಬ್ರಾಸಾನ್ಸ್ ವೇದಿಕೆಯಲ್ಲಿ ಮಾತಾಡುತ್ತಿರಲಿಲ್ಲ. ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು, ದಪ್ಪ ಮೀಸೆಯ ಕೆಳಗಿನಿಂದ ಹಾಡಿ, ಬೆವರು ಒರೆಸಿಕೊಂಡು, ಸರಿಯಾಗಿ ನಮಸ್ಕಾರವನ್ನೂ ಮಾಡದೆ ಓಡಿಹೋಗುತ್ತಿದ್ದ.

ಅವನ ಉಚ್ಚಾರ ದಕ್ಷಿಣದ್ದು. ಪ್ಯಾರಿಸ್ಸಿನವರು ನುಂಗುವ ಅಕ್ಷರಗಳನ್ನು ಇವನು ಬಿಡಿಸಿ ಹೇಳುತ್ತಿದ್ದ. ರಾಜಧಾನಿಯಲ್ಲಿ ನಲವತ್ತು ವರ್ಷ ಕಳೆದರೂ ಅದನ್ನು ತಿದ್ದಿಕೊಳ್ಳಲಿಲ್ಲ. ಗಡಿಯಾಚೆಯ ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಿ ಎರಡು ಮಾತಾಡಿದರೆ 'ನೀವು ಯಾವ ಕಡೆಯವರು' ಎಂದು ಕೇಳುತ್ತಾರಲ್ಲ, ಆಗ ಮುದುಡುವ ಹುಡುಗರಿಗೆ ನಾನು ಇದನ್ನು ಹೇಳುವುದುಂಟು.

ಮೊದಲ ವರ್ಷವೇ ಗಲಾಟೆ ಎಬ್ಬಿಸಿದ್ದು 'ಗೊರಿಲ್ಲಾ' ಎಂಬ ಹಾಡು. ಬೋನಿನಿಂದ ತಪ್ಪಿಸಿಕೊಂಡ ಗೊರಿಲ್ಲಾ ಒಂದು, ಅದರ ಕೈಗೆ ಸಿಗುವ ನ್ಯಾಯಾಧೀಶ ಒಬ್ಬ. ಪೂರ್ತಿ ಕತೆಯನ್ನು ತರಗತಿಯಲ್ಲಿ ಹೇಳುವ ಹಾಗಿಲ್ಲ, ಬಲ್ಲವರು ಬಲ್ಲರು. ಪೋಲಿ ಹಾಡೆಂದು ನಗುತ್ತಾ ಕೇಳುತ್ತಿದ್ದವರಿಗೆ ಕೊನೆಯಲ್ಲಿ ಥಟ್ಟನೆ ಗಿಲೊಟಿನ್ ಎದುರಾಗುತ್ತದೆ. ಆಗ ಫ್ರಾನ್ಸಿನಲ್ಲಿ ಮರಣದಂಡನೆಯೆಂದರೆ ತಲೆ ಕಡಿಯುವುದೇ. ಜೀವ ತೆಗೆಯುವ ಹಕ್ಕು ಆ ಕರಿನಿಲುವಂಗಿಗೆ ಯಾರು ಕೊಟ್ಟರು ಎಂಬುದು ಹಾಡಿನ ಒಳಗಿರುವ ಪ್ರಶ್ನೆ. ಸರಕಾರಿ ರೇಡಿಯೋ ಹಾಡನ್ನು ಬಹಿಷ್ಕರಿಸಿತು. 1955ರಲ್ಲಿ ಯೂರೋಪ್-1 ಎಂಬ ಹೊಸ ಖಾಸಗಿ ಕೇಂದ್ರ ಬಂದ ಮೇಲಷ್ಟೇ ಅದು ಗಾಳಿಯಲ್ಲಿ ಕೇಳಿಸಿತು. ಇಟಲಿಯ ಫಾಬ್ರಿಜಿಯೋ ದೆ ಆಂದ್ರೆ ಅದನ್ನು ತನ್ನ ಭಾಷೆಗೆ ತಂದು ಹಾಡಿದ, ಇಂಗ್ಲೆಂಡಿನ ಜೇಕ್ ಥ್ಯಾಕ್ರೇ ಇಂಗ್ಲಿಷಿಗೆ ತಂದ. ಸ್ಪೇನಿನ ಪಾಕೋ ಇಬಾನ್ಯೆಸ್ ಬ್ರಾಸಾನ್ಸ್‌ನ ಹಾಡುಗಳನ್ನು ಸ್ಪ್ಯಾನಿಷಿನಲ್ಲಿ ಹಾಡಿದ.

ತನ್ನ ಪದ್ಯವಷ್ಟೇ ಅಲ್ಲ, ಹಿರಿಯ ಕವಿಗಳ ಪದ್ಯಗಳಿಗೂ ಬ್ರಾಸಾನ್ಸ್ ರಾಗ ಹಾಕಿದ. ವಿಯೋಂ, ಹ್ಯೂಗೋ, ಅರಾಗೋಂ, ಪೋಲ್ ಫೋರ್. ನಮ್ಮಲ್ಲಿ ಕಾಳಿಂಗರಾಯರು ಮಾಡಿದ ಕೆಲಸವನ್ನು ನೆನೆಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ. ಪೋಲ್ ಫೋರ್ ಬರೆದ ಬಿಳಿಯ ಪುಟ್ಟ ಕುದುರೆಯ ಪದ್ಯವನ್ನು ಫ್ರಾನ್ಸಿನ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಿದ್ದರು, ಇವನ ರಾಗ ಬಂದ ಮೇಲೆ ಹಾಡತೊಡಗಿದರು. ಒಂದು ಸ್ವಾರಸ್ಯ: ಕಮ್ಯುನಿಸ್ಟ್ ಕವಿ ಅರಾಗೋಂನ ಪ್ರೇಮದ ದುಃಖದ ಪದ್ಯಕ್ಕೂ, ಭಕ್ತಕವಿ ಫ್ರಾನ್ಸಿಸ್ ಝಾಮ್‌ನ ಪ್ರಾರ್ಥನೆಗೂ ಅವನು ಹಾಕಿದ್ದು ಒಂದೇ ರಾಗ! ಎರಡರ ಛಂದಸ್ಸೂ ಒಂದೇ, ಹಾಗಾಗಿ ಕೂಡಿತು. ಆದರೆ ದೇವರನ್ನು ನಂಬದ ಅಪ್ಪ, ನಂಬಿದ ಅಮ್ಮ ಇಬ್ಬರೂ ಒಂದೇ ಮನೆಯಲ್ಲಿ ಹಾಡುತ್ತಿದ್ದದ್ದು ನನಗಂತೂ ಇಲ್ಲಿ ನೆನಪಾಗುತ್ತದೆ.

ಅವನು ಹೇಳಿದ್ದೆಲ್ಲ ಒಪ್ಪುವಂಥದ್ದೇ ಎಂದಲ್ಲ. 1964ರಲ್ಲಿ 'ಇಬ್ಬರು ಮಾವಂದಿರು' ಎಂಬ ಹಾಡು ಬಂತು. ಒಬ್ಬ ಮಾವ ಇಂಗ್ಲಿಷರ ಕಡೆ, ಇನ್ನೊಬ್ಬ ಜರ್ಮನರ ಕಡೆ, ಇಬ್ಬರೂ ಸತ್ತರು, ಈಗ ಯಾರಿಗೂ ಅದು ಬೇಕಾಗಿಲ್ಲ ಎಂಬ ಧಾಟಿ. ಅದೇ ವರ್ಷ ಡಿಸೆಂಬರಿನಲ್ಲಿ ಪ್ರತಿರೋಧ ಹೋರಾಟದ ನಾಯಕ ಝಾಂ ಮೂಲಾಂನ ಅಸ್ಥಿಯನ್ನು ರಾಷ್ಟ್ರಗೌರವದಿಂದ ಪಾಂತೆಯೋಂಗೆ ತಂದಿದ್ದರು. ಹಾಡಿಗೆ ಜನ ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ಆತನ ಹಳೆಯ ಅಭಿಮಾನಿಗಳೂ ನೊಂದುಕೊಂಡರು. ನನ್ನ ಮಟ್ಟಿಗೆ ಹೇಳುವುದಾದರೆ, ಸತ್ತವರಿಗಾಗಿ ಮರುಗುವುದು ಬೇರೆ, ಮನೆ ಸುಟ್ಟವನನ್ನೂ ನೀರು ಹೊತ್ತವನನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇರೆ. ಬ್ರಾಸಾನ್ಸ್ ಆ ಹಾಡನ್ನು ಹಿಂತೆಗೆದುಕೊಳ್ಳಲಿಲ್ಲ. 1972ರಲ್ಲಿ 'ವಿಚಾರಕ್ಕಾಗಿ ಸಾಯುವುದು' ಎಂಬ ಇನ್ನೊಂದು ಹಾಡು ಬರೆದ. ಇದು ಮೊದಲಿನದಕ್ಕಿಂತ ಒಳ್ಳೆಯ ಹಾಡು, ಏಕೆಂದರೆ ಇಲ್ಲಿ ಚಾಟಿ ಬೀಳುವುದು ಸತ್ತವರ ಮೇಲಲ್ಲ, ತಾವು ಬೆಚ್ಚಗಿದ್ದು ಬೇರೆಯವರನ್ನು ಸಾಯಲು ಕಳಿಸುವವರ ಮೇಲೆ.

ಈಗ ಬೊನಾಫೆ ಮಾಸ್ತರ ವಿಷಯಕ್ಕೆ ಬರೋಣ. ಪ್ಯಾರಿಸ್ಸಿನ ಸೆಗೇರ್ಸ್ ಪ್ರಕಾಶನದ 'ಇಂದಿನ ಕವಿಗಳು' ಮಾಲೆ ಫ್ರಾನ್ಸಿನಲ್ಲಿ ಬಹಳ ಗೌರವದ್ದು. ಒಬ್ಬ ಕವಿಗೆ ಒಂದು ಪುಸ್ತಕ. 1963ರಲ್ಲಿ ಅದರಲ್ಲಿ ಬ್ರಾಸಾನ್ಸ್ ಮೇಲೂ ಒಂದು ಪುಸ್ತಕ ಬಂತು. ಹಾಡುಗಾರನನ್ನು ಕವಿಗಳ ಸಾಲಿಗೆ ಸೇರಿಸಿದ ಆ ಪುಸ್ತಕ ಬರೆದವರು ಅಲ್ಫೋನ್ಸ್ ಬೊನಾಫೆ. ಶಾಲೆ ಬಿಟ್ಟುಹೋದ ಹುಡುಗನ ಪದ್ಯಗಳನ್ನು ಇಪ್ಪತ್ತೈದು ವರ್ಷಗಳ ನಂತರ ಅದೇ ಮಾಸ್ತರು ಮತ್ತೆ ಕೈಗೆತ್ತಿಕೊಂಡರು, ಈ ಸಲ ತಿದ್ದುವುದಕ್ಕಲ್ಲ. ನಾಲ್ಕು ವರ್ಷ ಕಳೆದು, 1967ರಲ್ಲಿ, ಫ್ರೆಂಚ್ ಅಕಾಡೆಮಿ ಬ್ರಾಸಾನ್ಸ್‌ಗೆ ಕಾವ್ಯದ ಮಹಾಪ್ರಶಸ್ತಿ ಕೊಟ್ಟಿತು. ಗಿಟಾರಿನವನಿಗೆ ಕಾವ್ಯಪ್ರಶಸ್ತಿಯೇ ಎಂದು ಕೆಲವರು ಮೂಗು ಮುರಿದರು. ಅವನೂ ತನ್ನನ್ನು ಕವಿಯೆಂದು ಕರೆದುಕೊಳ್ಳುತ್ತಿರಲಿಲ್ಲ, ಕವಿಗಳು ತನಗಿಂತ ಸ್ವಲ್ಪ ಎತ್ತರದಲ್ಲಿ ಹಾರುತ್ತಾರೆ ಎನ್ನುತ್ತಿದ್ದ.

ಅವನಿಗೆ ಮೂತ್ರಪಿಂಡದ ಕಲ್ಲಿನ ಬಾಧೆ ತರುಣನಾಗಿದ್ದಾಗಿನಿಂದ ಇತ್ತು. ಎಷ್ಟೋ ಸಲ ವೇದಿಕೆಯಿಂದ ಬಾಗಿಕೊಂಡೇ ಇಳಿಯುತ್ತಿದ್ದ. ಫ್ಲೋರಿಮೋಂ ಓಣಿಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಬೋಬಿನೋ ಅವನಿಗೆ ಪ್ರಿಯವಾದ ರಂಗಮಂದಿರ. 1976ರ ಅಕ್ಟೋಬರಿನಿಂದ 77ರ ಮಾರ್ಚಿನವರೆಗೆ ಐದು ತಿಂಗಳು ಅಲ್ಲಿ ಹಾಡಿದ. ಅದೇ ಕೊನೆ. ಆಮೇಲೆ ಕ್ಯಾನ್ಸರ್ ಬಂತು.

1981ರ ಸೆಪ್ಟೆಂಬರ್ 18ರಂದು ನ್ಯಾಯಮಂತ್ರಿ ರಾಬರ್ ಬಾದಾಂತೇರ್ ಮಂಡಿಸಿದ ಮರಣದಂಡನೆ ರದ್ದತಿಯ ಮಸೂದೆಗೆ ಫ್ರಾನ್ಸಿನ ಕೆಳಮನೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರ್ 9ರಂದು ಅದು ಕಾನೂನಾಯಿತು. ಗೊರಿಲ್ಲಾದ ಹಾಡಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಆ ತಿಂಗಳು 22ಕ್ಕೆ ಬ್ರಾಸಾನ್ಸ್‌ಗೆ ಅರವತ್ತು ತುಂಬಿತು. 29ರಂದು ಮೋಂಪೆಲಿಯೇ ಹತ್ತಿರದ ಸಾಂ-ಝೆಲಿ-ದ್ಯು-ಫೆಸ್ಕ್ ಎಂಬ ಊರಲ್ಲಿ, ವೈದ್ಯಮಿತ್ರನ ಮನೆಯಲ್ಲಿ ತೀರಿಕೊಂಡ.

ತನ್ನನ್ನು ಸೆತ್‌ನ ಸಮುದ್ರದಂಡೆಯ ಮರಳಿನಲ್ಲಿ ಹೂಳಿ ಎಂದು ಬೇಡಿಕೊಳ್ಳುವ ಒಂದು ದೀರ್ಘ ಹಾಡನ್ನು ಅವನು 1966ರಲ್ಲೇ ಬರೆದಿದ್ದ. ಅದೇ ಊರಿನವನಾದ ದೊಡ್ಡ ಕವಿ ಪೋಲ್ ವಲೇರಿಯ ಸಮಾಧಿ ಗುಡ್ಡದ ಮೇಲಿನ, ಸಮುದ್ರಕ್ಕೆ ಮುಖಮಾಡಿದ ಸ್ಮಶಾನದಲ್ಲಿದೆ. ಕವಿತೆಯಲ್ಲಿ ನೀವು ಮೇಲು, ಆದರೆ ನನ್ನ ಸಮಾಧಿಯಾದರೂ ಸಮುದ್ರಕ್ಕೆ ಇನ್ನಷ್ಟು ಹತ್ತಿರವಿರಲಿ ಎಂದು ಆ ಹಾಡಿನಲ್ಲಿ ವಲೇರಿಯ ಕ್ಷಮೆ ಕೇಳುತ್ತಾನೆ. ಮರಳಿನಲ್ಲಿ ಹೂಳಲಿಲ್ಲ. ಲೆ ಪಿ ಎಂಬ, ಬಡವರ ಸ್ಮಶಾನವೆಂದೇ ಹೆಸರಾದ ಜಾಗದಲ್ಲಿ, ಮನೆಯವರ ಸಮಾಧಿಯಲ್ಲೇ ಹೂಳಿದರು. ಅಲ್ಲಿಂದ ಕಾಣುವುದು ಸಮುದ್ರವಲ್ಲ, ತೋ ಸರೋವರ. ಜೋಹಾ ಹೈಮನ್ 1999ರಲ್ಲಿ ತೀರಿಕೊಂಡಾಗ ಅವಳನ್ನೂ ಅಲ್ಲೇ ಇಟ್ಟರು. 1991ರಲ್ಲಿ ಸ್ಮಶಾನದ ಎದುರಿಗೇ ಊರಿನವರು ಅವನ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದರು. ಪ್ಯಾರಿಸ್ಸಿನ ವೋಝಿರಾರ್ ಕಸಾಯಿಖಾನೆಯಿದ್ದ ಜಾಗದಲ್ಲಿ ಈಗ ಅವನ ಹೆಸರಿನ ಉದ್ಯಾನವಿದೆ. ಅಲ್ಲಿನ ಹಳೆಯ ಮಾಡಿನ ಕೆಳಗೆ ಶನಿವಾರ, ಭಾನುವಾರ ಹಳೆಯ ಪುಸ್ತಕಗಳ ಸಂತೆ ನಡೆಯುತ್ತದೆ.